ನೋವು ಬರೋ ಮೊದಲೇ ಹೋಗೋಣ



ನಮ್ಮ ಹಾಸನದ ಕಡೆ ಆಲೂಗೆಡ್ಡೆ ಬೆಳೆಯೋರಿಗೆಲ್ಲ ಅಂಗಮಾರಿ ರೋಗ ಗೊತ್ತು. ಮೋಡ ಮುಚ್ಚಿ ಜಡಿಮಳೆ ಹಿಡಿದರೆ ಸಾಕು, ನಾವು ಹೊಲಕ್ಕೆ ಓಡ್ತೀವಿ. ಎಲೆ ತಿರುಗಿಸಿ ನೋಡ್ತೀವಿ. ಒಂದು ಚುಕ್ಕೆ ಕಂಡರೂ ಅವತ್ತೇ ಔಷಧಿ ಹೊಡೀತೀವಿ. ಗಿಡ ಪೂರಾ ಕರಗಿ ಹೋಗಲಿ, ಆಮೇಲೆ ನೋಡೋಣ ಅಂತ ಯಾರೂ ಕೂರೋದಿಲ್ಲ.

ಹೊಲದ ಮೇಲೆ ನಮಗೆ ಇಷ್ಟು ಕಣ್ಣು. ಆದರೆ ನಮ್ಮ ಮೈ ಮೇಲೆ? ಅದರ ಕಡೆ ನಾವು ನೋಡೋದೇ ಇಲ್ಲ. ತಡೆಯಲಾರದಷ್ಟು ನೋವು ಬಂದಾಗ ಮಾತ್ರ ಆಸ್ಪತ್ರೆಗೆ ಹೋಗ್ತೀವಿ. ಕೆಲವು ಕಾಯಿಲೆಗೆ ಹಾಗೆ ಹೋದರೂ ನಡೆಯುತ್ತೆ. ಒಂದು ಕಾಯಿಲೆಗೆ ಮಾತ್ರ ನಡೆಯೋದಿಲ್ಲ. ನೋವು ಬರೋ ಹೊತ್ತಿಗೆ ಅದು ತುಂಬ ಮುಂದೆ ಹೋಗಿರುತ್ತೆ. ಅದೇ ಗರ್ಭಕೋಶದ ಬಾಯಿಯ ಕ್ಯಾನ್ಸರ್.

ಈ ಕಾಯಿಲೆ ಬರೋದಕ್ಕೆ ಮೊದಲೇ ಅದರ ಸುಳಿವು ಹಿಡಿಯೋಕೆ ಒಂದು ಸಣ್ಣ ತಪಾಸಣೆ ಇದೆ. ಹತ್ತು ನಿಮಿಷದ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೂ ನಮ್ಮ ಹೆಂಗಸರು ಹೋಗ್ತಿಲ್ಲ. ಯಾಕೆ ಹೋಗ್ತಿಲ್ಲ? ಹೋಗೋ ಹಾಗೆ ಮಾಡೋದು ಹೇಗೆ? ಈ ಪಾಠದಲ್ಲಿ ಅದನ್ನೇ ಓದೋಣ.

ಇದು ಎಲ್ಲಿ ಬರೋ ಕಾಯಿಲೆ?

ಮಗು ಬೆಳೆಯೋ ಚೀಲಕ್ಕೆ ಗರ್ಭಕೋಶ ಅಂತೀವಿ. ಅದು ತಲೆಕೆಳಗಾಗಿ ಇಟ್ಟ ಸಣ್ಣ ಸೋರೆ ಬುರುಡೆಯ ಹಾಗೆ ಇರುತ್ತೆ. ಬುರುಡೆಗೆ ಕತ್ತು ಇರೋ ಹಾಗೆ ಗರ್ಭಕೋಶಕ್ಕೂ ಕೆಳಗಡೆ ಒಂದು ಕತ್ತು ಇದೆ. ಡಾಕ್ಟರು ಅದನ್ನು ಗರ್ಭಕೊರಳು, ಗರ್ಭಕಂಠ ಅಂತ ಕರೀತಾರೆ. ನಾವು ಗರ್ಭಕೋಶದ ಬಾಯಿ ಅನ್ನೋಣ. ಹೆರಿಗೆಯಲ್ಲಿ ಈ ಬಾಯಿ ತೆರೆದುಕೊಂಡೇ ಮಗು ಹೊರಗೆ ಬರೋದು.

ಈ ಬಾಯಿಯ ಮೇಲ್ಪದರದಲ್ಲಿ ಕ್ಯಾನ್ಸರ್ ಶುರುವಾಗುತ್ತೆ. ಒಂದೇ ದಿನದಲ್ಲಿ ಆಗೋದಲ್ಲ, ಒಂದೇ ವರ್ಷದಲ್ಲೂ ಅಲ್ಲ. ಹತ್ತು ಹದಿನೈದು ವರ್ಷ ಹಿಡಿಯುತ್ತೆ. ಅಷ್ಟು ದಿನವೂ ಒಳಗೆ ಸಣ್ಣ ಬದಲಾವಣೆ ನಡೀತಾ ಇರುತ್ತೆ. ಹೊರಗೆ ಏನೂ ಗೊತ್ತಾಗೋದಿಲ್ಲ. ನೋವಿಲ್ಲ, ಜ್ವರವಿಲ್ಲ, ಸುಸ್ತಿಲ್ಲ. ಊಟ, ಕೆಲಸ, ನಿದ್ದೆ ಎಲ್ಲ ಎಂದಿನ ಹಾಗೇ ಇರುತ್ತೆ.

ಈ ಹತ್ತು ಹದಿನೈದು ವರ್ಷವೇ ನಮಗೆ ಸಿಕ್ಕಿರೋ ಅವಕಾಶ. ಆ ಹೊತ್ತಿನಲ್ಲಿ ನೋಡಿಸಿಕೊಂಡರೆ ಕ್ಯಾನ್ಸರ್ ಆಗೋದನ್ನೇ ತಪ್ಪಿಸಬಹುದು. ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತ ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಬಿಟ್ಟರೆ ಏನಾಗುತ್ತೆ? 2022ರ ಅಂದಾಜು ನೋಡಿ. ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಬಂತು. ಸುಮಾರು 80 ಸಾವಿರ ಹೆಂಗಸರು ಸತ್ತರು. ಲೆಕ್ಕ ಹಾಕಿದರೆ ಗಂಟೆಗೆ 9 ಜನ. ನಮ್ಮ ಓದಿನ ತರಗತಿ ಒಂದು ಗಂಟೆ ನಡೆಯುತ್ತೆ ಅಂದುಕೊಳ್ಳಿ. ಅಷ್ಟರಲ್ಲಿ 9 ಮನೆಗಳಲ್ಲಿ ಅವ್ವ ಇಲ್ಲದ ಹಾಗೆ ಆಯ್ತು.

ಯಾಕೆ ಬರುತ್ತೆ?

ಕಣ್ಣಿಗೆ ಕಾಣದ ಒಂದು ವೈರಾಣು ಇದಕ್ಕೆ ಕಾರಣ. ಅದರ ಹೆಸರು ಎಚ್‌ಪಿವಿ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅನ್ನೋ ವಿಜ್ಞಾನಿ ಇದನ್ನು ಕಂಡುಹಿಡಿದರು. ಅದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು.

ಗಂಡು ಹೆಣ್ಣು ಕೂಡಿದಾಗ ಈ ವೈರಾಣು ಒಬ್ಬರಿಂದ ಒಬ್ಬರಿಗೆ ಬರುತ್ತೆ. ಸಂಸಾರ ಮಾಡೋ ಹೆಚ್ಚಿನ ಜನಕ್ಕೆ ಒಂದಲ್ಲ ಒಂದು ಸಲ ಇದು ಬಂದೇ ಇರುತ್ತೆ. ನೆಗಡಿ ಬಂದು ಹೋದ ಹಾಗೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಮಾತ್ರ ಹೋಗದೆ ಕೂತುಬಿಡುತ್ತೆ. ಹಾಗೆ ಕೂತವರಿಗೆ ಮುಂದೆ ಅಪಾಯ.

ಚಿಕ್ಕ ವಯಸ್ಸಿಗೇ ಮದುವೆಯಾದವರಿಗೆ, ಬೇಗ ಹೆತ್ತವರಿಗೆ, ಹೆಚ್ಚು ಸಲ ಹೆತ್ತವರಿಗೆ ಅಪಾಯ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೂ ಹೆಚ್ಚು. ಎಚ್‌ಐವಿ ಇರೋರಿಗೆ ಇನ್ನೂ ಹೆಚ್ಚು. ಅವರು ಬೇರೆಯವರಿಗಿಂತ ಬೇಗ ಶುರುಮಾಡಿ, ಪದೇ ಪದೇ ತಪಾಸಣೆ ಮಾಡಿಸಬೇಕು.

ತಪಾಸಣೆ ಹೇಗೆ ಮಾಡ್ತಾರೆ?

ನಮ್ಮ ಕಡೆ ಹೆಚ್ಚಾಗಿ ಮಾಡೋದು ವಿಐಎ ಅನ್ನೋ ಪರೀಕ್ಷೆ. ಹೆಸರು ಕೇಳಿ ಹೆದರಬೇಡಿ. ನಡೆಯೋದು ಇಷ್ಟೇ.

ಒಂದು ಕೋಣೆ. ಬಾಗಿಲು ಹಾಕಿರುತ್ತೆ, ಇಲ್ಲವೇ ಪರದೆ ಇರುತ್ತೆ. ಮೇಜಿನ ಮೇಲೆ ಅಂಗಾತ ಮಲಗಿ ಕಾಲು ಮಡಿಸಬೇಕು. ಮೇಲೆ ಬಟ್ಟೆ ಹೊದಿಸ್ತಾರೆ. ನರ್ಸಮ್ಮ ಇಲ್ಲವೇ ಡಾಕ್ಟರು ಒಂದು ಸಣ್ಣ ಸಾಧನ ಇಟ್ಟು ಗರ್ಭಕೋಶದ ಬಾಯಿ ಕಾಣೋ ಹಾಗೆ ಮಾಡ್ತಾರೆ. ಹತ್ತಿಯಿಂದ ಅಲ್ಲಿಗೆ ಒಂದು ದ್ರಾವಣ ಹಚ್ತಾರೆ. ಅದು ನೀರು ಬೆರೆಸಿದ ವಿನೆಗರ್ ಇದ್ದ ಹಾಗೆ, ಸ್ವಲ್ಪ ಹುಳಿ. ಒಂದು ನಿಮಿಷ ಕಾಯ್ತಾರೆ. ಬದಲಾವಣೆ ಆಗಿರೋ ಜಾಗ ಇದ್ದರೆ ಅದು ಬೆಳ್ಳಗೆ ಕಾಣುತ್ತೆ. ಇಲ್ಲದಿದ್ದರೆ ಬಣ್ಣ ಹಾಗೇ ಇರುತ್ತೆ.

ಕುಯ್ಯೋದಿಲ್ಲ. ಸೂಜಿ ಚುಚ್ಚೋದಿಲ್ಲ. ಸ್ವಲ್ಪ ಇರಿಸುಮುರಿಸು ಆಗಬಹುದು, ಸ್ವಲ್ಪ ಉರಿ ಅನ್ನಿಸಬಹುದು. ಫಲಿತಾಂಶ ಅಲ್ಲೇ ಹೇಳ್ತಾರೆ. ಎದ್ದು ಸೀರೆ ಸರಿಮಾಡಿಕೊಂಡು ಬಸ್ ಹತ್ತಬಹುದು.

ಇನ್ನೂ ಎರಡು ಬಗೆ ಇವೆ. ಒಂದು ಪ್ಯಾಪ್ ಪರೀಕ್ಷೆ. ಗರ್ಭಕೋಶದ ಬಾಯಿಯಿಂದ ಸ್ವಲ್ಪ ಲೋಳೆ ತೆಗೆದು ಗಾಜಿನ ಮೇಲೆ ಸವರಿ ನೋಡ್ತಾರೆ. ಇನ್ನೊಂದು ಎಚ್‌ಪಿವಿ ಪರೀಕ್ಷೆ. ವೈರಾಣು ಇದೆಯಾ ಇಲ್ಲವಾ ಅಂತ ನೋಡೋದು. ಮುಟ್ಟು ನಿಂತ ಹಿರಿಯರಿಗೆ ವಿಐಎ ಅಷ್ಟು ಚೆನ್ನಾಗಿ ಹೊಂದೋದಿಲ್ಲ. ಅವರಿಗೆ ಡಾಕ್ಟರು ಈ ಎರಡರಲ್ಲಿ ಒಂದನ್ನು ಹೇಳಬಹುದು.

ಎಷ್ಟು ವರ್ಷಕ್ಕೆ ಒಂದು ಸಲ? 2016ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿತು. 30 ವರ್ಷದಿಂದ 65 ವರ್ಷದವರೆಗಿನ ಹೆಂಗಸರು 5 ವರ್ಷಕ್ಕೆ ಒಂದು ಸಲ ಮಾಡಿಸಬೇಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆಗೀತಾರೆ. ನಾವು ಎಷ್ಟೇ ಕೆಲಸ ಇದ್ದರೂ ಸರತಿಯಲ್ಲಿ ನಿಂತು ನೋಡಿ ಬರ್ತೀವಿ. ಇದಂತೂ ಐದು ವರ್ಷಕ್ಕೊಮ್ಮೆ.

ಎಷ್ಟು ಜನ ಮಾಡಿಸಿದ್ದಾರೆ?

2019ರಿಂದ 2021ರವರೆಗೆ ದೇಶದಲ್ಲೆಲ್ಲ ಮನೆಮನೆಗೆ ಹೋಗಿ ಒಂದು ಸಮೀಕ್ಷೆ ಮಾಡಿದರು. ಅದರ ಹೆಸರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 30ರಿಂದ 49 ವರ್ಷದ ಹೆಂಗಸರನ್ನು ಕೇಳಿದರು: ಒಂದು ಸಲವಾದರೂ ಈ ತಪಾಸಣೆ ಮಾಡಿಸಿದ್ದೀರಾ? ಹೌದು ಅಂದವರು ನೂರಕ್ಕೆ ಇಬ್ಬರೂ ಇರಲಿಲ್ಲ. ನಮ್ಮ ಕರ್ನಾಟಕದ ಲೆಕ್ಕ ಅದಕ್ಕಿಂತಲೂ ಕಡಿಮೆ. ಪಕ್ಕದ ತಮಿಳುನಾಡಿನಲ್ಲಿ ಮಾತ್ರ ನೂರಕ್ಕೆ ಹತ್ತಿರ ಹತ್ತಿರ 10 ಜನ ಹೌದು ಅಂದರು.

ಅಲ್ಲಿಯ ಹೆಂಗಸರೂ ನಮ್ಮ ಹಾಗೇ ಗದ್ದೆ ನಾಟಿ ಮಾಡೋರು, ದನ ಸಾಕೋರು, ನಾಚಿಕೆ ಪಡೋರು. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲಿಲ್ಲ? ಅದನ್ನು ತಿಳಿಯೋಕೆ ಮೊದಲು ನಮ್ಮ ಅಕ್ಕಂದಿರ ಮಾತು ಕೇಳಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಅಕ್ಷರ ಕಲಿಸುವಾಗ ಈ ಮಾತುಗಳು ನಮ್ಮ ಕಿವಿಗೆ ಬಿದ್ದಿವೆ. ಒಂದೊಂದಾಗಿ ನೋಡೋಣ.

"ನಂಗೇನೂ ಆಗಿಲ್ವಲ್ಲ, ಯಾಕೆ ಹೋಗ್ಲಿ?"

ಎಲ್ಲಕ್ಕಿಂತ ಹೆಚ್ಚಾಗಿ ಕೇಳೋ ಮಾತು ಇದು. ಆಸ್ಪತ್ರೆ ಇರೋದು ಕಾಯಿಲೆ ಬಂದವರಿಗೆ ಅಂತ ನಾವು ತಿಳಿದಿದ್ದೀವಿ. ಈ ತಪಾಸಣೆ ಇರೋದು ಕಾಯಿಲೆ ಇಲ್ಲದವರಿಗೆ. ಏನೂ ಆಗದೆ ಇರುವಾಗಲೇ ಹೋಗಬೇಕು. ಬಸುರಿಯರು ಏನೂ ತೊಂದರೆ ಇಲ್ಲದಿದ್ದರೂ ತಿಂಗಳು ತಿಂಗಳು ತೋರಿಸಿಕೊಳ್ಳೋದಿಲ್ಲವೇ? ಹಾಗೇ ಇದೂ.

"ನಂಗೆ ಆಪರೇಷನ್ ಆಗೈತೆ ಕಣಕ್ಕ"

ನಮ್ಮ ಕಡೆ ಹೆಂಗಸರು ಎರಡು ಮಕ್ಕಳಾದ ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಳ್ತಾರೆ. ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಅಲ್ಲಿಗೆ ಆಸ್ಪತ್ರೆಯ ದಾರಿ ಮುಗೀತು. ಆಮೇಲೆ ಹೋಗೋದು ಮಕ್ಕಳಿಗೆ ಜ್ವರ ಬಂದಾಗ, ಅತ್ತೆಗೆ ಹುಷಾರಿಲ್ಲದಾಗ. ತಪಾಸಣೆಯ ವಯಸ್ಸು ಶುರುವಾಗೋದು 30ಕ್ಕೆ. ಹೋಗಬೇಕಾದ ವಯಸ್ಸು ಬರೋ ಹೊತ್ತಿಗೆ ಹೋಗೋ ಅಭ್ಯಾಸ ತಪ್ಪಿರುತ್ತೆ.

ಇನ್ನೊಂದು ಮಾತು. ಆಪರೇಷನ್‌ನಲ್ಲಿ ಕಟ್ಟೋದು ಅಂಡ ಬರೋ ನಾಳ. ಗರ್ಭಕೋಶದ ಬಾಯಿ ಹಾಗೇ ಇರುತ್ತೆ. ಆದ್ದರಿಂದ ಆಪರೇಷನ್ ಆದವರೂ ತಪಾಸಣೆ ಮಾಡಿಸಲೇಬೇಕು. ಗರ್ಭಕೋಶವನ್ನೇ ತೆಗೆಸಿದವರು ತಮ್ಮ ಹಳೇ ಚೀಟಿ ತೋರಿಸಿ ಡಾಕ್ಟರನ್ನು ಕೇಳಲಿ.

ಕೆಲವರು ಬಿಳಿ ಹೋಗುತ್ತೆ, ಮುಂದೆ ಕ್ಯಾನ್ಸರ್ ಆದೀತು ಅಂತ ಹೆದರಿ ಗರ್ಭಕೋಶವನ್ನೇ ತೆಗೆಸಿಬಿಡ್ತಾರೆ. ಸಾಲ ಮಾಡಿ ತೆಗೆಸಿದವರೂ ಇದ್ದಾರೆ. ದಯವಿಟ್ಟು ಹಾಗೆ ಆತುರ ಪಡಬೇಡಿ. ಮೊದಲು ತಪಾಸಣೆ ಆಗಲಿ. ತೆಗೀಲೇಬೇಕು ಅಂತ ಯಾರಾದರೂ ಹೇಳಿದರೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ಡಾಕ್ಟರನ್ನು ಇನ್ನೊಂದು ಸಲ ಕೇಳಿ.

"ನಾಚ್ಕೆ ಆಗುತ್ತೆ"

ಇದು ನಿಜವಾದ ಮಾತು. ನಗೋ ಮಾತಲ್ಲ. ಗಂಡಸು ಡಾಕ್ಟರು ಇದ್ದರೆ ಹೇಗೆ ಅನ್ನೋ ಚಿಂತೆ ಎಲ್ಲರಿಗೂ ಇದೆ. ಈ ಪರೀಕ್ಷೆಯನ್ನು ತರಬೇತಿ ಪಡೆದ ನರ್ಸಮ್ಮನೇ ಮಾಡಬಹುದು. "ನಮಗೆ ಹೆಂಗಸರೇ ಬೇಕು" ಅಂತ ಕೇಳಿ. ಕೇಳೋದು ತಪ್ಪಲ್ಲ, ಅದು ನಮ್ಮ ಹಕ್ಕು. ಬಾಗಿಲು ಹಾಕಿ ಅಂತ ಹೇಳೋದೂ ನಮ್ಮ ಹಕ್ಕು. ನೋವಾದರೆ "ಸ್ವಲ್ಪ ತಡೀರಿ" ಅನ್ನಬಹುದು.

ಎಚ್‌ಪಿವಿ ಪರೀಕ್ಷೆಯಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಮೆತ್ತನೆಯ ಸಣ್ಣ ಬ್ರಷ್ಷಿನಿಂದ ಹೆಂಗಸು ತಾನೇ ಮರೆಯಲ್ಲಿ ಮಾದರಿ ತೆಗೆದು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಒಪ್ಪಿದೆ. ಇದು ಎಲ್ಲ ಕಡೆ ಸಿಗೋದಿಲ್ಲ. ಸಿಗುವ ಕಡೆ ನಾಚಿಕೆಯ ತೊಡಕು ಅರ್ಧ ಕಳೀತು.

"ಜನ ಏನಂದ್ಕೊಂಡಾರು?"

ಕೂಡೋದರಿಂದ ಬರೋ ವೈರಾಣು ಅಂದಕೂಡಲೇ ಕೆಲವರು ನಡತೆಯ ಮಾತು ತೆಗೀತಾರೆ. ಇದು ತಪ್ಪು ತಿಳಿವಳಿಕೆ. ಜೀವನದಲ್ಲಿ ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಬರುತ್ತೆ. ಯಾವತ್ತು ಬಂತು, ಯಾರಿಂದ ಬಂತು ಅಂತ ಹೇಳೋಕೆ ಆಗೋದಿಲ್ಲ. ಈ ಕಾಯಿಲೆ ಯಾರ ನಡತೆಗೂ ಸಾಕ್ಷಿ ಅಲ್ಲ. ಕಾಯಿಲೆ ಬಂದ ಅಕ್ಕನಿಗೆ ಚಿಕಿತ್ಸೆ ಬೇಕು. ಊರಿನ ಚುಚ್ಚುಮಾತು ಬೇಡ.

"ಏನಾದ್ರೂ ಸಿಕ್ಬಿಟ್ರೆ?"

ಕ್ಯಾನ್ಸರ್ ಅಂದರೆ ಸಾವೇ ಅಂತ ನಾವು ಕೇಳಿ ಬೆಳೆದಿದ್ದೀವಿ. ಅದಕ್ಕೇ ನೋಡಿಸೋದೇ ಬೇಡ ಅನ್ನಿಸುತ್ತೆ. ಕಣ್ಣು ಮುಚ್ಚಿಕೊಂಡರೆ ಒಳಗಿನ ಕಾಯಿಲೆ ಹೋಗೋದಿಲ್ಲ. ತಪಾಸಣೆಯಲ್ಲಿ ಬಿಳಿ ಕಲೆ ಕಂಡರೂ ಅದು ಕ್ಯಾನ್ಸರ್ ಅಂತ ಅರ್ಥ ಅಲ್ಲ. ಮುಂದೆ ಕ್ಯಾನ್ಸರ್ ಆಗದ ಹಾಗೆ ತಡೆಯೋಕೆ ಇನ್ನೂ ಸಮಯ ಇದೆ ಅಂತ ಅರ್ಥ. ಹೆಚ್ಚಿನವರಿಗೆ ಆ ಕಲೆಯೂ ಇರೋದಿಲ್ಲ. ಅವರು ಐದು ವರ್ಷ ನೆಮ್ಮದಿಯಾಗಿ ಇರಬಹುದು.

"ಬಿಡುವೆಲ್ಲಿ ಐತೆ?"

ಬೆಳಗ್ಗೆ ಎದ್ದು ಕೊಟ್ಟಿಗೆ ಗುಡಿಸಬೇಕು, ಹಾಲು ಕರೀಬೇಕು. ಡೈರಿಗೆ ಹಾಲು ಹಾಕಬೇಕು. ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು. ನಾಟಿ ಕಾಲ ಬಂದರೆ ಗದ್ದೆ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಹದ ಮಾಡೋ ಕಾಲ ಬಂದರೆ ರಾತ್ರಿಯೂ ಕೆಲಸ. ಕೂಲಿಗೆ ಹೋಗೋರಿಗೆ ಒಂದು ದಿನ ತಪ್ಪಿದರೆ ಅವತ್ತಿನ ದುಡ್ಡು ಹೋಯ್ತು.

ಇದಕ್ಕೆ ಎರಡು ದಾರಿ ಇವೆ. ಒಂದು, ಕೆಲಸ ಕಡಿಮೆ ಇರೋ ತಿಂಗಳನ್ನು ನಾವೇ ಆರಿಸಿಕೊಳ್ಳೋದು. ಐದು ವರ್ಷದಲ್ಲಿ ಒಂದು ಅರ್ಧ ದಿನ ಸಾಕಲ್ಲವೇ? ಎರಡು, ಊರಿಗೇ ಶಿಬಿರ ತರಿಸೋದು. ಹತ್ತಿಪ್ಪತ್ತು ಹೆಂಗಸರು ಸೇರಿ ಅರ್ಜಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕೊಡಿ. ನಾವು ಅಕ್ಷರ ಕಲಿತದ್ದು ಇಂಥ ಅರ್ಜಿ ಬರೆಯೋಕೂ ಹೌದು.

ಬಸ್ಸಿನ ಖರ್ಚಿನ ಚಿಂತೆ ಈಗ ಕಡಿಮೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಹಳ್ಳಿಮೈಸೂರಿನಿಂದ ಹೊಳೆನರಸೀಪುರಕ್ಕಾಗಲಿ, ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣಕ್ಕಾಗಲಿ, ಕೊಣನೂರಿನಿಂದ ಅರಕಲಗೂಡಿಗಾಗಲಿ ಆಧಾರ್ ತೋರಿಸಿ ಹೋಗಿ ಬರಬಹುದು. ಧರ್ಮಸ್ಥಳಕ್ಕೆ ಹೋಗೋಕೆ ಹತ್ತಿದ ಬಸ್ಸನ್ನು ಈ ಕೆಲಸಕ್ಕೂ ಹತ್ತೋಣ.

"ಮನೇಲಿ ಕೇಳ್ಬೇಕು"

ಅತ್ತೆ ಬೇಡ ಅಂದರೆ, ಯಜಮಾನರು ಸುಮ್ಮನಿರು ಅಂದರೆ, ಸೊಸೆ ಹೊಸಿಲು ದಾಟೋದಿಲ್ಲ. ಆದ್ದರಿಂದ ಸೊಸೆಗೆ ಮಾತ್ರ ಹೇಳಿದರೆ ಸಾಲದು. ಅತ್ತೆಗೂ ಹೇಳಬೇಕು. ಅತ್ತೆಗೂ 65 ದಾಟಿಲ್ಲದಿದ್ದರೆ ತಪಾಸಣೆ ಬೇಕು. "ಅತ್ತೆ, ಇಬ್ಬರೂ ಹೋಗಿ ಬರೋಣ ಬನ್ನಿ" ಅಂತ ಕರೆದು ನೋಡಿ. ಒಬ್ಬಳೇ ಹೋಗ್ತೀನಿ ಅನ್ನೋದಕ್ಕಿಂತ ಇದು ಸುಲಭ.

"ಹೋಗಿದ್ದೆ, ಇವತ್ತಿಲ್ಲ ಅಂದ್ರು"

ಇದು ನಮ್ಮ ಹೆಂಗಸರ ತಪ್ಪಲ್ಲ. ಕೆಲವು ಕಡೆ ವಾರದಲ್ಲಿ ಒಂದೇ ದಿನ ಪರೀಕ್ಷೆ ಮಾಡ್ತಾರೆ. ಕೆಲವು ಕಡೆ ತರಬೇತಿ ಆದ ನರ್ಸಮ್ಮ ರಜೆ ಇರ್ತಾರೆ. ಕೆಲಸ ಬಿಟ್ಟು ಹೋದವಳು ಸುಮ್ಮನೆ ವಾಪಸ್ ಬಂದರೆ ಮತ್ತೆ ಹೋಗೋದಿಲ್ಲ. ಅವಳ ಮಾತು ಕೇಳಿ ಇನ್ನೂ ಹತ್ತು ಜನ ಹೋಗೋದಿಲ್ಲ. ಒರಟಾಗಿ ಮಾತಾಡಿಸಿದರೂ ಹೀಗೇ ಆಗುತ್ತೆ. ಆಸ್ಪತ್ರೆಯವರು ಇದನ್ನು ತಿಳೀಬೇಕು. ನಾವು ಮಾಡಬಹುದಾದ್ದು ಇಷ್ಟು: ಆಶಾ ಅಕ್ಕನಿಂದ ಮೊದಲೇ ಫೋನ್ ಮಾಡಿಸಿ ದಿನ, ಹೊತ್ತು ತಿಳಿದುಕೊಂಡು ಹೊರಡೋದು.

"ನಂಗೆ ಯಾರೂ ಹೇಳ್ಲೇ ಇಲ್ಲ"

ಮೇಲಿನ ಎಲ್ಲ ಮಾತಿಗಿಂತ ದೊಡ್ಡದು ಈ ಮಾತು. ಮಗುವಿಗೆ ಪೋಲಿಯೋ ಹನಿ ಹಾಕಿಸಿ ಅಂತ ಮನೆಗೇ ಬಂದು ಹೇಳಿದರು. ನಾವು ಹಾಕಿಸಿದೆವು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಅಂತ ಹೇಳಿದರು. ಹೋದೆವು. ಈ ತಪಾಸಣೆಯ ಬಗ್ಗೆ ಹೇಳಿದವರು ಕಡಿಮೆ. ಕರೆಯದ ಮನೆಗೆ ಯಾರು ಹೋಗ್ತಾರೆ?

ಬೇರೆ ಊರಿನವರು ಏನು ಮಾಡಿದರು?

ಹೇಳಿದರೆ, ಕರೆದರೆ ಹೆಂಗಸರು ಬರ್ತಾರಾ? ಬರ್ತಾರೆ. ಇದಕ್ಕೆ ಸಾಕ್ಷಿ ಇದೆ.

ನಮ್ಮ ವಿಜಯಪುರ ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಸಿಗುತ್ತೆ. ಅದರ ಆಚೆ ಬಾರ್ಶಿ ಅನ್ನೋ ಊರು, ಪಕ್ಕದಲ್ಲೇ ಉಸ್ಮಾನಾಬಾದ್ ಜಿಲ್ಲೆ. ಅದರ ಈಗಿನ ಹೆಸರು ಧಾರಾಶಿವ. ಅಲ್ಲಿ 1999ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು. 1 ಲಕ್ಷ 31 ಸಾವಿರ ಹಳ್ಳಿ ಹೆಂಗಸರು ಅದರಲ್ಲಿ ಇದ್ದರು. ಕೆಲವು ಊರಿನವರಿಗೆ ಎಚ್‌ಪಿವಿ ಪರೀಕ್ಷೆ, ಕೆಲವು ಊರಿನವರಿಗೆ ಪ್ಯಾಪ್, ಕೆಲವು ಊರಿನವರಿಗೆ ವಿಐಎ. ಉಳಿದ ಊರಿನವರಿಗೆ ಎಂದಿನ ಆಸ್ಪತ್ರೆ ಸೌಲಭ್ಯ. ಎಂಟು ವರ್ಷ ಲೆಕ್ಕ ಇಟ್ಟರು. ಎಚ್‌ಪಿವಿ ಪರೀಕ್ಷೆ ಆದ ಊರುಗಳಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧ ಆಯ್ತು. ಒಂದೇ ಒಂದು ಸಲ ಮಾಡಿಸಿದ ಪರೀಕ್ಷೆಯಿಂದ! 2009ರಲ್ಲಿ ಇದು ಜಗತ್ತಿಗೆಲ್ಲ ಗೊತ್ತಾಯ್ತು.

ಮುಂಬಯಿಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ಇನ್ನೊಂದು ಕೆಲಸ ಮಾಡಿದರು. ಡಾಕ್ಟರ್ ಓದದ ಸ್ಥಳೀಯ ಹೆಂಗಸರಿಗೆ ತರಬೇತಿ ಕೊಟ್ಟರು. ಅವರೇ ವಿಐಎ ಪರೀಕ್ಷೆ ಮಾಡಿದರು. ಅಲ್ಲಿ ಸಾವು ನೂರಕ್ಕೆ 31ರಷ್ಟು ಇಳೀತು. ಅಂದರೆ ಮೊದಲಾಗಿದ್ದರೆ 100 ಜನ ಸಾಯ್ತಿದ್ದ ಕಡೆ 69 ಜನ. ಉಳಿದ 31 ಜನ ಮನೆಯಲ್ಲಿ ಮಕ್ಕಳ ಜೊತೆ ಇದ್ದಾರೆ.

ತಮಿಳುನಾಡಿನಲ್ಲಿ 2007ರಲ್ಲಿ ತೇಣಿ, ತಂಜಾವೂರು ಅನ್ನೋ ಎರಡು ಜಿಲ್ಲೆಗಳಲ್ಲಿ ಸರ್ಕಾರವೇ ಈ ತಪಾಸಣೆ ಶುರುಮಾಡಿತು. ಹಳ್ಳಿ ಆಸ್ಪತ್ರೆಯ ನರ್ಸುಗಳಿಗೆ ಕಲಿಸಿದರು. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿಸಿದರು. 30 ದಾಟಿದ ಹೆಂಗಸು ಯಾವ ಕೆಲಸಕ್ಕೇ ಆಸ್ಪತ್ರೆಗೆ ಬರಲಿ, ಅಲ್ಲಿಯೇ ಕೇಳಿ ಪರೀಕ್ಷೆ ಮಾಡೋದು ಸುಲಭವಾಯ್ತು. ನೂರಕ್ಕೆ ಹತ್ತು ಜನ ಅಂದೆವಲ್ಲ, ಅದರ ಗುಟ್ಟು ಇಲ್ಲಿದೆ. ಹತ್ತು ಕೂಡ ಕಡಿಮೆಯೇ. ಆದರೂ ದಾರಿ ತೋರಿಸುತ್ತೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಗುರಿ ಇಟ್ಟಿತು. 2030ರ ಹೊತ್ತಿಗೆ ನೂರಕ್ಕೆ 70 ಹೆಂಗಸರಿಗೆ ತಪಾಸಣೆ ಆಗಬೇಕು. ನಾವು ಎಷ್ಟು ದೂರ ನಡೀಬೇಕು ನೋಡಿ.

ಬಿಳಿ ಕಲೆ ಕಂಡರೆ ಮುಂದೇನು?

ಹೆಚ್ಚಿನ ಸಲ ಕಲೆ ಚಿಕ್ಕದಿರುತ್ತೆ. ಆ ಜಾಗಕ್ಕೆ ತುಂಬ ತಣ್ಣನೆಯದು ಇಲ್ಲವೇ ಬಿಸಿ ತಾಗಿಸಿ ಕೆಟ್ಟ ಪದರ ತೆಗೀತಾರೆ. ಕೆಲವೇ ನಿಮಿಷದ ಕೆಲಸ. ಅವತ್ತೇ ಮನೆಗೆ ಬರಬಹುದು. ಗರ್ಭಕೋಶ ತೆಗೆಯೋದಿಲ್ಲ. ಆಮೇಲೆ ಕೆಲವು ವಾರ ನೀರಿನ ಹಾಗೆ ಬಿಳಿ ಹೋಗಬಹುದು. ಸುಮಾರು ಒಂದು ತಿಂಗಳು ಗಂಡ ಹೆಂಡತಿ ಕೂಡಬಾರದು.

ಇನ್ನೂ ಚೆನ್ನಾಗಿ ನೋಡಬೇಕು ಅನ್ನಿಸಿದರೆ ತಾಲ್ಲೂಕು ಆಸ್ಪತ್ರೆಯಿಂದ ಹಾಸನಕ್ಕೆ ಕಳಿಸಬಹುದು. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹೊಳೆನರಸೀಪುರದಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಕ್ಯಾನ್ಸರ್ ಅಂತಲೇ ಗೊತ್ತಾದರೆ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. 1973ರಿಂದ ಅಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೀತಿದೆ. ಬಡವರ ರೇಷನ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಜೊತೆಗಿಟ್ಟುಕೊಂಡು ಹೋಗಿ.

ಒಂದು ಎಚ್ಚರಿಕೆ. "ಮುಂದಿನ ಆಸ್ಪತ್ರೆಗೆ ಹೋಗಿ" ಅಂತ ಚೀಟಿ ಕೊಟ್ಟಾಗ ಕೆಲವರು ಆ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗ್ತಾರೆ. ಹಾಗಾದರೆ ತಪಾಸಣೆ ಮಾಡಿಸಿಯೂ ಪ್ರಯೋಜನ ಇಲ್ಲ. ಚೀಟಿ ಓದಿ. ಅದರಲ್ಲಿರೋ ದಿನಕ್ಕೆ ಹೋಗಿ.

ಇವು ಕಂಡರೆ ಕಾಯಬೇಡಿ

ಮುಟ್ಟಿನ ದಿನ ಬಿಟ್ಟು ನಡುವೆ ರಕ್ತ ಕಂಡರೆ, ಗಂಡ ಹೆಂಡತಿ ಕೂಡಿದ ಮೇಲೆ ರಕ್ತ ಬಂದರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಕೆಟ್ಟ ವಾಸನೆಯ ಬಿಳಿ ಹೋಗ್ತಿದ್ದರೆ, ಕೆಳಹೊಟ್ಟೆ ಸೊಂಟ ಬಿಡದೆ ನೋಯ್ತಿದ್ದರೆ, ಶಿಬಿರದ ದಾರಿ ನೋಡಬೇಡಿ. ಆ ವಾರವೇ ಡಾಕ್ಟರನ್ನು ಕಾಣಿ. "ವಯಸ್ಸಾಯ್ತು, ಉಷ್ಣ ಆಗಿರಬೇಕು" ಅಂತ ಮಜ್ಜಿಗೆ ಕುಡಿದು ಸುಮ್ಮನಾಗಬೇಡಿ. ಇವೆಲ್ಲ ಕ್ಯಾನ್ಸರೇ ಅಂತಲ್ಲ. ಏನು ಅಂತ ನೋಡಿ ತಿಳೀಬೇಕು.

ಹೋಗೋ ಮೊದಲು ತಿಳಿದಿರಲಿ

ಮುಟ್ಟಿನ ದಿನಗಳಲ್ಲಿ ಬೇಡ. ಮುಟ್ಟು ಪೂರಾ ನಿಂತ ಮೇಲೆ ಹೋಗಿ. ಹಿಂದಿನ ಒಂದೆರಡು ದಿನ ಗಂಡ ಹೆಂಡತಿ ಕೂಡೋದು ಬೇಡ. ಒಳಗೆ ಯಾವ ಔಷಧಿಯನ್ನೂ ಹಾಕಬೇಡಿ. ಬಸುರಿ ಅನ್ನೋ ಅನುಮಾನ ಇದ್ದರೆ ಮೊದಲೇ ಹೇಳಿ. ಉಪವಾಸ ಹೋಗಬೇಕಾಗಿಲ್ಲ. ಸಡಿಲ ಸೀರೆ, ಲಂಗ ಇದ್ದರೆ ಅನುಕೂಲ. ಜೊತೆಗೆ ಒಬ್ಬರು ಇರಲಿ.

ಹೆಣ್ಣುಮಕ್ಕಳಿಗೆ ಲಸಿಕೆ

ಈ ವೈರಾಣು ಬರದ ಹಾಗೆ ತಡೆಯೋ ಲಸಿಕೆಯೂ ಇದೆ. 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸಿದರೆ ತುಂಬ ಒಳ್ಳೆಯದು. ನಮ್ಮ ದೇಶದ್ದೇ ಆದ ಲಸಿಕೆ ಪುಣೆಯಲ್ಲಿ ತಯಾರಾಗುತ್ತೆ. 2023ರಲ್ಲಿ ಅದು ಹೊರಗೆ ಬಂತು. ಸರ್ಕಾರದಿಂದ ಯಾವ ವಯಸ್ಸಿನವರಿಗೆ, ಎಲ್ಲಿ ಹಾಕ್ತಾರೆ ಅಂತ ನಿಮ್ಮೂರಿನ ನರ್ಸಮ್ಮನನ್ನು ಕೇಳಿ. ಮಗಳಿಗೆ ಲಸಿಕೆ, ಅವ್ವನಿಗೆ ತಪಾಸಣೆ. ಲಸಿಕೆ ಹಾಕಿಸಿಕೊಂಡ ಮಗಳೂ ಮುಂದೆ 30 ತುಂಬಿದಾಗ ತಪಾಸಣೆಗೆ ಹೋಗಬೇಕು.

ಅಣ್ಣಂದಿರಿಗೆ ಎರಡು ಮಾತು

ಅಣ್ಣಂದಿರೇ, ಈ ಪುಸ್ತಕ ನಿಮ್ಮ ಕೈಗೂ ಬರುತ್ತೆ. ಟ್ರ್ಯಾಕ್ಟರ್ ಕೆಟ್ಟು ನಿಲ್ಲೋ ಮೊದಲೇ ಎಣ್ಣೆ ಬದಲಾಯಿಸ್ತೀರಿ. ಹಸುವಿಗೆ ಕಾಲುಬಾಯಿ ಜ್ವರ ಬರೋ ಮೊದಲೇ ಸೂಜಿ ಹಾಕಿಸ್ತೀರಿ. ಮನೆಯಾಕೆಗೆ ಒಂದು ದಿನ "ನಾನು ಹಾಲು ಕರೀತೀನಿ, ನೀನು ಹೋಗಿ ಬಾ" ಅನ್ನಿ. ಆ ಒಂದು ಮಾತಿಗೆ ತುಂಬ ಬೆಲೆ ಇದೆ.

ನಾವು ಏನು ಮಾಡೋಣ?

ಆಶಾ ಅಕ್ಕ ಮನೆಗೆ ಬಂದು 30 ದಾಟಿದವರ ಹೆಸರು ಬರ್ಕೊಳ್ತಾರೆ. ಬಿಳಿ ಹೋಗುತ್ತಾ, ರಕ್ತ ಕಾಣುತ್ತಾ ಅಂತ ಕೇಳ್ತಾರೆ. ಮುಚ್ಚಿಡದೆ ಹೇಳೋಣ. ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಆದ ಮೇಲೆ ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ. ಐದೈದು ಜನ ಗುಂಪು ಮಾಡಿಕೊಂಡು ಹೋಗೋಣ. ಗುಂಪಾಗಿ ಹೋದರೆ ನಾಚಿಕೆ ಕಡಿಮೆ, ಭಯ ಕಡಿಮೆ. ಒಬ್ಬರನ್ನು ವಾಪಸ್ ಕಳಿಸೋದು ಸುಲಭ, ಐದು ಜನರನ್ನು ಕಳಿಸೋದು ಕಷ್ಟ. ಹೋಗಿ ಬಂದವರು ಬಾಯಿ ಮುಚ್ಚಿಕೊಂಡು ಇರಬಾರದು. "ಏನೂ ಇಲ್ಲ ಕಣವ್ವ, ಹತ್ತು ನಿಮಿಷ ಅಷ್ಟೇ" ಅಂತ ಕೆರೆ ಏರಿ ಮೇಲೆ, ನಲ್ಲಿ ಹತ್ತಿರ, ಡೈರಿ ಮುಂದೆ ಹೇಳಬೇಕು. ಪೇಪರಿನಲ್ಲಿ ಬಂದ ನೂರು ಮಾತಿಗಿಂತ ಪಕ್ಕದ ಮನೆಯವಳ ಒಂದು ಮಾತು ಹೆಚ್ಚು ಕೆಲಸ ಮಾಡುತ್ತೆ.

ಕೂಡಿ ಮಾತಾಡಿ

1. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾದ ವೈರಾಣು ಯಾವುದು?
2. ನೋವಿಲ್ಲದಾಗಲೇ ತಪಾಸಣೆಗೆ ಯಾಕೆ ಹೋಗಬೇಕು?
3. ಆಪರೇಷನ್ ಆದವರಿಗೂ ತಪಾಸಣೆ ಬೇಕೇ? ಯಾಕೆ?
4. ನಿಮ್ಮೂರಿನ ಹೆಂಗಸರು ಹೋಗದಿರೋಕೆ ಇಲ್ಲಿ ಬರೆಯದ ಬೇರೆ ಕಾರಣ ಇದೆಯೇ? ಹೇಳಿ.
5. ನಿಮ್ಮ ಗುಂಪಿನ ಐದು ಜನ ಯಾರು? ಯಾವ ದಿನ ಹೋಗ್ತೀರಿ?

ನೀವೇ ಬರೆಯಿರಿ

ಒಂದು ಚೀಟಿ ತಗೊಳ್ಳಿ. ಅದರಲ್ಲಿ ನಿಮ್ಮ ಹೆಸರು ಬರೆಯಿರಿ. ವಯಸ್ಸು ಬರೆಯಿರಿ. ತಪಾಸಣೆ ಮಾಡಿಸಿದ ತಾರೀಖು ಬರೆಯಿರಿ. ಆ ವರ್ಷಕ್ಕೆ 5 ಕೂಡಿಸಿ. ಬಂದ ಉತ್ತರ ನಿಮ್ಮ ಮುಂದಿನ ತಪಾಸಣೆಯ ವರ್ಷ. ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ.